ದವಾಖಾನೆಯಲ್ಲೊಂದು ಖೋಲಿ

ಜಡ್ಡಾದವನಿಗೆ ದವಾಖಾನೆ ಬೇಕೆಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಇನ್ನೂ ಜಡ್ಡಾಗದ ಮಕ್ಕಳ ಸಲುವಾಗಿಯೂ ಸರಕಾರಿ ದವಾಖಾನೆಯಲ್ಲಿ ಒಂದು ಖೋಲಿಯನ್ನು ಬಿಟ್ಟುಕೊಡಬೇಕು, ಅದರಲ್ಲಿ ರೋಗಿಯನ್ನು ಮಲಗಿಸದೆ ಮೇಜು, ಕಪಾಟು, ನಕಾಶೆ ಮತ್ತು ದಫ್ತರಗಳನ್ನು ಇಡಬೇಕು ಎಂದರೆ, ಹಲವರಿಗೆ ಅದು ಉಳ್ಳವರ ಊರಿನ ಮಾತೆಂದು ತೋರಬಹುದು. ಹಾಸಿಗೆಯೇ ಸಾಲದಿರುವಲ್ಲಿ ಸಂಶೋಧನೆಗೆ ಖೋಲಿಯೆಲ್ಲಿಯದು? ಈ ಪ್ರಶ್ನೆ ನ್ಯಾಯವಾದುದೇ. ನಾನು ವೈದ್ಯನಲ್ಲ, ಕಲಾವಿಭಾಗದ ಒಬ್ಬ ವಿದ್ಯಾರ್ಥಿ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ನೀರನ್ನು ಕುಡಿದು ಬೆಳೆದವರಲ್ಲಿ ನಾನೂ ಒಬ್ಬನಾದುದರಿಂದ, ಈ ವಿಷಯವನ್ನು ತಿಳಿದುಕೊಳ್ಳಲು ಯತ್ನಿಸಿ, ತಿಳಿದಷ್ಟನ್ನು ನನ್ನ ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಮಗುವೆಂದರೆ ಚಿಕ್ಕ ಅಳತೆಯ ದೊಡ್ಡ ಮನುಷ್ಯನಲ್ಲ. ತನ್ನ ಮೈತೂಕಕ್ಕೆ ಹೋಲಿಸಿದರೆ ಅದು ನಮಗಿಂತ ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಗಾಳಿ ಸೇದುತ್ತದೆ. ನೆಲದ ಮೇಲೆ ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನು ಬಾಯಿಗಿಡುತ್ತದೆ. ಅದರ ಎಲುಬು, ಹಲ್ಲು, ಮಿದುಳು ಇನ್ನೂ ಕಟ್ಟಿಕೊಳ್ಳುತ್ತಿರುತ್ತವೆ. ಕಟ್ಟುತ್ತಿರುವ ಗೋಡೆಯಲ್ಲಿ ಕೆಟ್ಟ ಇಟ್ಟಿಗೆ ಸೇರಿದರೆ ಅದು ಕಡೆಯವರೆಗೂ ಅಲ್ಲಿಯೇ ಇರುವುದಷ್ಟೆ! ಆದುದರಿಂದಲೇ ನೀರು, ಗಾಳಿ, ಮಣ್ಣುಗಳು ಮಕ್ಕಳ ಮೈಮೇಲೆ ಮಾಡುವ ಪರಿಣಾಮವನ್ನು ಅರಿಯುವುದು ಇಂದು ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆದಿದೆ.

ಈ ಶಾಸ್ತ್ರವು ಹುಟ್ಟಿದ್ದು ವಿಶ್ವವಿದ್ಯಾಲಯದ ಗೋಪುರದಲ್ಲಲ್ಲ, ದವಾಖಾನೆಯ ಪಡಸಾಲೆಯಲ್ಲಿ. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಮಕ್ಕಳ ಆಸ್ಪತ್ರೆಗೆ ಹೊಟ್ಟೆನೋವು, ಕೈಕಾಲುಗಳ ಸೋಲು ಮುಂತಾದ ತೊಂದರೆಗಳಿಂದ ಮಕ್ಕಳು ಬರುತ್ತಿದ್ದರು. ಇದು ಸೀಸದ ವಿಷವೆಂದು ಜೆಫರಿಸ್ ಟರ್ನರ್ ಎಂಬ ವೈದ್ಯರು 1892ರಲ್ಲಿ ವರದಿ ಮಾಡಿದರು. ಸೀಸ ಬರುತ್ತಿದ್ದುದು ಎಲ್ಲಿಂದ? ಅದು ಮನೆಯ ಪಡಸಾಲೆಯ ಕಟಕಟೆಗೆ ಹಚ್ಚಿದ ಬಣ್ಣವು ಬಿಸಿಲಿಗೆ ಪುಡಿಯಾಗಿ, ಮಕ್ಕಳ ಬೆರಳಿಗಂಟಿ, ಬಾಯಿ ಸೇರುತ್ತಿದ್ದುದರಿಂದ ಎಂದು ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯರು 1904ರಲ್ಲಿ ತೋರಿಸಿಕೊಟ್ಟರು. ಅಂಥ ಬಣ್ಣಕ್ಕೆ ಅಲ್ಲಿ ಕಾನೂನಿನ ಕಡಿವಾಣ ಬಿದ್ದದ್ದು 1922ರಲ್ಲಿ. ಮದ್ದು ಕೊಟ್ಟು ಮನೆಗೆ ಕಳಿಸಿದ ಮಗುವು ಮರಳಿ ಅದೇ ಕಟಕಟೆಯನ್ನು ಹಿಡಿದು ನಿಲ್ಲುವುದಾದರೆ ಆ ಮದ್ದಿನಿಂದೇನು ಫಲ?

ಎರಡನೆಯ ನಿದರ್ಶನ ಬಾವಿಯದು. ಅಮೇರಿಕದ ಅಯೋವ ಸಂಸ್ಥಾನದಲ್ಲಿ ಮೈ ನೀಲಿಗಟ್ಟಿದ ಹಸುಗೂಸುಗಳನ್ನು ಕಂಡ ಹಂಟರ್ ಕಾಮ್ಲಿ ಎಂಬ ವೈದ್ಯರು, ಆ ಕೂಸುಗಳ ಹಾಲಿಗೆ ಬೆರೆಸಿದ ಬಾವಿಯ ನೀರಿನಲ್ಲಿ ನೈಟ್ರೇಟ್ ಮಿತಿಮೀರಿದುದೇ ಅದಕ್ಕೆ ಕಾರಣವೆಂದು 1945ರಲ್ಲಿ ಪ್ರಕಟಿಸಿದರು. ಕೂಸಿನ ಬಣ್ಣವನ್ನು ನೋಡಿ ಬಾವಿಯ ದಾರಿಯನ್ನು ಹಿಡಿದುದು ಅವರ ಹೆಚ್ಚುಗಾರಿಕೆ.

ಮೂರನೆಯದು ಎಚ್ಚರಿಕೆಯ ಕಥೆ. ಜಪಾನಿನ ಮಿನಮಾಟ ಎಂಬಲ್ಲಿ 1956ರಲ್ಲಿ ಇಬ್ಬರು ಪುಟ್ಟ ಅಕ್ಕತಂಗಿಯರು ನಡೆಯಲಾರದೆ, ಮಾತಾಡಲಾರದೆ ಆಸ್ಪತ್ರೆ ಸೇರಿದರು. ಆಸ್ಪತ್ರೆಯ ಮುಖ್ಯಸ್ಥ ಹೊಸೊಕಾವ ಅವರು ಮೇ 1ರಂದು ಆರೋಗ್ಯ ಇಲಾಖೆಗೆ ತಿಳಿಸಿದರು. ಕೊಲ್ಲಿಯ ಮೀನಿನಲ್ಲಿ ಸೇರಿದ ಪಾದರಸವೇ ಆ ರೋಗಕ್ಕೆ ಮೂಲವೆಂದು ಮುಂದೆ ತಿಳಿದುಬಂದಿತು. ಆದರೆ ಆ ಆಸ್ಪತ್ರೆಯು ಪಾದರಸವನ್ನು ಕೊಲ್ಲಿಗೆ ಬಿಡುತ್ತಿದ್ದ ಚಿಸ್ಸೊ ಕಾರಖಾನೆಯದೇ ಆಗಿದ್ದಿತು! 1959ರಲ್ಲಿ ಹೊಸೊಕಾವ ಅವರು ಕಾರಖಾನೆಯ ಹೊಲಸು ನೀರನ್ನು ಬೆಕ್ಕಿಗೆ ತಿನಿಸಿ, ಅದೇ ರೋಗ ಬಂದುದನ್ನು ಕಂಡರು. ಫಲಿತಾಂಶ ಹೊರಬೀಳದಂತೆ ಕಾರಖಾನೆ ನೋಡಿಕೊಂಡಿತು. ವೈದ್ಯನಿಗೆ ಕಣ್ಣಿದ್ದಿತು, ಖೋಲಿ ಮಾತ್ರ ಪರರದಾಗಿದ್ದಿತು. ಸಂಶೋಧನೆಯ ಖೋಲಿಯು ಸಾರ್ವಜನಿಕ ದವಾಖಾನೆಯಲ್ಲಿಯೇ ಇರಬೇಕೆಂಬ ವಾದಕ್ಕೆ ಇದಕ್ಕಿಂತ ದೊಡ್ಡ ಆಧಾರ ನನಗೆ ಕಾಣದು.

ಇನ್ನು ನಮ್ಮ ಸೀಮೆಗೆ ಬರೋಣ. ಇಂಡಿ, ಸಿಂದಗಿಗಳ ಬದಿಗೆ ಭೀಮೆ ಹರಿಯುತ್ತಾಳೆ. ಬಾಗೇವಾಡಿ, ಮುದ್ದೇಬಿಹಾಳಗಳ ಬದಿಗೆ ಕೃಷ್ಣೆ. ನಡುವೆ ಡೋಣಿ. ಡೋಣಿಯ ದಂಡೆಯ ಎರೆಮಣ್ಣು ಬಿಳಿಜೋಳಕ್ಕೆ ಹೆಸರಾಯಿತು, ಅದರ ನೀರು ಸವಳಿಗೆ ಹೆಸರಾಯಿತು. ನೆಲದಡಿಯಲ್ಲಿ ಜಿಲ್ಲೆಯ ಬಹುಭಾಗವೆಲ್ಲ ಡೆಕ್ಕನ್ ಟ್ರ್ಯಾಪ್ ಎನ್ನುವ ಕಪ್ಪುಗಲ್ಲು, ಮುದ್ದೇಬಿಹಾಳದ ಕಡೆಗೆ ಗ್ರಾನೈಟ್ ಜಾತಿಯ ಕಲ್ಲು ಮತ್ತು ಸುಣ್ಣದ ಕಲ್ಲು. ತೆರೆದ ಬಾವಿಗಳು ಬತ್ತಿದಂತೆ ನಾವು ಬೋರು ಕೊರೆಯುತ್ತ ಹೋದೆವು. ಆಳದ ನೀರು ಬಂಡೆಯೊಡನೆ ಬಹುಕಾಲ ಕೂಡಿಕೊಂಡಿದ್ದು, ಬಂಡೆಯಲ್ಲಿಯ ಫ್ಲೋರೈಡನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಜಿಲ್ಲೆಯ ಕೆಲವೆಡೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಮತ್ತು ನೈಟ್ರೇಟ್‌ಗಳು ಮಿತಿಯನ್ನು ಮೀರಿವೆಯೆಂದು ಕೇಂದ್ರ ಅಂತರ್ಜಲ ಮಂಡಳಿಯು ತೋರಿಸಿದೆ. ಭಾರತೀಯ ಮಾನಕದಂತೆ ಒಂದು ಲೀಟರು ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ. ನೈಟ್ರೇಟಿನ ಮಿತಿ 45 ಮಿಲಿಗ್ರಾಂ.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಹಿರಿಯರು ನೀರನ್ನು ನಾಲಿಗೆಯಿಂದಲೂ ಬೇಳೆಯಿಂದಲೂ ಪರೀಕ್ಷಿಸುತ್ತಿದ್ದರು. ಸವಳಿಲ್ಲದೆ ಬೇಳೆ ಬೇಗ ಬೆಂದರೆ ಅದು ಒಳ್ಳೆಯ ನೀರು. ಆದರೆ ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಾದಷ್ಟೂ ಅದು ಹೆಚ್ಚು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳಬಲ್ಲದು. ಎಂದರೆ, ಬೇಳೆ ಚೆನ್ನಾಗಿ ಬೇಯಿಸುವ ಮೆದುನೀರೇ ಒಮ್ಮೊಮ್ಮೆ ಹಲ್ಲಿಗೆ ಶತ್ರುವಾದೀತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದುದರಲ್ಲಿ ಇನ್ನಿಷ್ಟು ದಟ್ಟವಾಗುತ್ತದೆ. ಅಡಿಗೆಮನೆಯ ಪರೀಕ್ಷೆ ಸೋಲುವ ಈ ಎಡೆಯಲ್ಲಿಯೇ ಪ್ರಯೋಗಶಾಲೆಯ ಕೆಲಸ ಮೊದಲಾಗುತ್ತದೆ.

ಅಮೇರಿಕದ ಕೊಲೊರಾಡೊದಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು 1901ರಿಂದ ಕಂದುಬಣ್ಣದ ಹಲ್ಲುಗಳ ಬೆನ್ನುಹತ್ತಿದರು. ಅದಕ್ಕೆ ಫ್ಲೋರೈಡ್ ಕಾರಣವೆಂದು ತಿಳಿಯಲು 1931 ಬರಬೇಕಾಯಿತು. ನಮ್ಮ ದೇಶದಲ್ಲಿ ನೆಲ್ಲೂರು ಜಿಲ್ಲೆಯಿಂದ 1937ರಲ್ಲಿ, ಹಲ್ಲಿಗಷ್ಟೇ ಅಲ್ಲದೆ ಎಲುಬಿಗೂ ತಗಲಿದ ಫ್ಲೋರೋಸಿಸ್ ರೋಗದ ವರದಿ ಬಂದಿತು. ಎಳೆಯರ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಗಲುವ ವಿಕಾರವನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1973ರಲ್ಲಿ ವರ್ಣಿಸಿದರು.

ಹಲ್ಲಿನ ವಿಷಯದಲ್ಲಿ ಒಂದು ಸೋಜಿಗವುಂಟು. ಕಾಯಂ ಹಲ್ಲಿನ ಹೊಳಪಿನ ಕವಚವು ಒಸಡಿನೊಳಗೆ, ಮಗುವಿನ ಮೊದಲ ಕೆಲವು ವರ್ಷಗಳಲ್ಲಿಯೇ ಸಿದ್ಧವಾಗುತ್ತದೆ. ಮುಂದಿನ ಹಲ್ಲು ಹೊರಗೆ ಕಾಣಿಸುವುದು ಆರೇಳನೆಯ ವಯಸ್ಸಿಗೆ. ಆದುದರಿಂದ ಎರಡನೆಯ ಇಯತ್ತೆಯ ಹುಡುಗಿಯ ಹಲ್ಲಿನ ಕಲೆಯು ಅವಳು ಇಂದು ಕುಡಿಯುವ ನೀರಿನ ಗುರುತಲ್ಲ; ಅವಳು ತೊಡೆಯ ಮೇಲಿನ ಕೂಸಾಗಿದ್ದಾಗ ಕುಡಿದ ನೀರಿನ ಗುರುತು. ಹಲ್ಲು ಒಂದು ಹಳೆಯ ದಫ್ತರ. ನಮ್ಮ ಕಡೆಯಲ್ಲಿ ಈ ದಫ್ತರವನ್ನು ಓದುವುದು ಇನ್ನೂ ಕಠಿಣ. ಎಷ್ಟೋ ಕುಟುಂಬಗಳು ಕಬ್ಬು ಕಡಿಯಲಿಕ್ಕೆಂದು, ಕಟ್ಟಡದ ಕೆಲಸಕ್ಕೆಂದು ಮಹಾರಾಷ್ಟ್ರ, ಗೋವೆಗಳ ಕಡೆಗೆ ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತವೆ. ಆ ಕೂಸು ಯಾವ ವರ್ಷ ಯಾವ ಊರಿನ ನೀರು ಕುಡಿಯಿತೆಂಬುದನ್ನು ತಾಯಿಯನ್ನು ಕೂಡಿಸಿಕೊಂಡು ಸಮಾಧಾನದಿಂದ ಕೇಳಿ ಬರೆದುಕೊಳ್ಳದಿದ್ದರೆ, ಹಲ್ಲಿನ ಎಣಿಕೆ ಬರಿಯ ಎಣಿಕೆಯಾಗಿಯೇ ಉಳಿದೀತು.

ಖೋಲಿಯ ಅವಶ್ಯಕತೆ ಇಲ್ಲಿ ಸ್ಪಷ್ಟವಾಗುತ್ತದೆ. ತಾಲೂಕಿನ ಸರಕಾರಿ ದವಾಖಾನೆಗೆ ಹಳ್ಳಿಹಳ್ಳಿಯ ತಾಯಂದಿರು ಹೆರಿಗೆಗೆ ಬರುತ್ತಾರೆ. ಅವರ ಕೈಯಲ್ಲಿ ತಾಯಿ ಕಾರ್ಡು ಇರುತ್ತದೆ. 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ನೋಡುತ್ತವೆ. ನೀರಿನ ಪರೀಕ್ಷೆ ಮಾತ್ರ ಬೇರೆ ಇಲಾಖೆಯದು. ಹೀಗೆ ಹಲ್ಲು ಒಂದು ಕಾಗದದಲ್ಲಿ, ನೀರು ಇನ್ನೊಂದು ಕಾಗದದಲ್ಲಿ, ಹುಟ್ಟು ಮತ್ತೊಂದು ಕಾಗದದಲ್ಲಿ ಉಳಿಯುತ್ತವೆ. ಇವುಗಳನ್ನು ಒಂದೇ ಮೇಜಿನ ಮೇಲೆ ಕೂಡಿಸುವ ಜಾಗವೇ ನಾನು ಹೇಳುವ ಖೋಲಿ. ಅಲ್ಲಿ ಬೇಕಾದುದು ಹೆಚ್ಚೇನಲ್ಲ: ಹಳ್ಳಿಯ ಬೋರುಗಳನ್ನು ಗುರುತಿಸಿದ ನಕಾಶೆ, ನೀರು ಮತ್ತು ಮೂತ್ರದಲ್ಲಿಯ ಫ್ಲೋರೈಡನ್ನು ಅಳೆಯುವ ಅಯಾನ್ ಮೀಟರು, ಸೀಸೆಗಳನ್ನು ತಂಪಾಗಿಡುವ ಪೆಟ್ಟಿಗೆ, ಬೀಗವುಳ್ಳ ಕಪಾಟು, ಮತ್ತು ಬೇಸರವಿಲ್ಲದೆ ಬರೆಯುವ ಒಬ್ಬ ಮನುಷ್ಯ.

ಇದು ಕೇವಲ ಕನಸಲ್ಲ. 2008–09ರಲ್ಲಿ ಭಾರತ ಸರಕಾರವು ಫ್ಲೋರೋಸಿಸ್ ತಡೆಗಟ್ಟುವ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅದಕ್ಕೆ ಸೇರಿದ ಜಿಲ್ಲೆಗಳಲ್ಲಿ ಒಬ್ಬ ಸಲಹೆಗಾರ, ಪ್ರಯೋಗಶಾಲೆ, ಅಯಾನ್ ಮೀಟರು, ಶಾಲಾಮಕ್ಕಳ ಹಲ್ಲಿನ ಸಮೀಕ್ಷೆ ಇರಬೇಕೆಂದು ನಿಯಮವಿದೆ. ಜಿಲ್ಲೆಯ ಮಟ್ಟದಲ್ಲಿ ಒಪ್ಪಿದ ಈ ತತ್ತ್ವವು ತಾಲೂಕಿಗೂ ಇಳಿಯಬೇಕೆಂಬುದೇ ನನ್ನ ಮಾತು. ನಮ್ಮ ನಾಡಿನಲ್ಲಿಯೇ ಮೇಲ್ಪಂಕ್ತಿಗಳುಂಟು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ಮಿಷನ್ನಿನದು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿದ್ದರು. ಆ ಹಳೆಯ ಪುಸ್ತಕಗಳ ಬಲದಿಂದ, ಹುಟ್ಟಿನ ತೂಕಕ್ಕೂ ಮುಂದಿನ ಹೃದ್ರೋಗಕ್ಕೂ ಇರುವ ನಂಟನ್ನು ವಿಜ್ಞಾನಿಗಳು 1996ರಲ್ಲಿ ಲೋಕಕ್ಕೆ ತೋರಿಸಿದರು. ಬರೆದಿಟ್ಟ ದಾದಿಯರಿಗೆ ಅದರ ಉಪಯೋಗ ಗೊತ್ತಿದ್ದಿರಲಾರದು. ಆದರೂ ಬರೆದರು, ಕಪಾಟು ಕಾಯಿತು. ಈಚೆಗೆ ಬೆಂಗಳೂರಿನ ಸರಕಾರಿ ಆಸ್ಪತ್ರೆಗಳಲ್ಲಿ ‘ಮಾಸ್ತಿ’ ಎಂಬ ಹೆಸರಿನ ಅಧ್ಯಯನವು 2016ರಿಂದ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಅನುಸರಿಸಿ ನಡೆದಿದೆ.

ಖೋಲಿಯಿದ್ದರೆ ಬೇರೆ ಪ್ರಶ್ನೆಗಳನ್ನೂ ಕೇಳಬಹುದು. ಹಳೆಯ ಬಾಗೇವಾಡಿ ತಾಲೂಕಿನ ಕೂಡಗಿಯಲ್ಲಿ 2400 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರವಿದೆ. ಕಲ್ಲಿದ್ದಲು ಉರಿಯುವಲ್ಲಿ ಬೂದಿಯುಂಟು. ಸುತ್ತಲಿನ ಮಕ್ಕಳ ಉಸಿರಾಟ ಹೇಗಿದೆಯೆಂದು ವರ್ಷವರ್ಷವೂ ಅಳೆದು ಬರೆದಿಟ್ಟರೆ, ಸುಮ್ಮನೆ ಭಯಪಡುವವರಿಗೆ ಸಮಾಧಾನವೂ ಸುಮ್ಮನೆ ಸಮಾಧಾನ ಹೇಳುವವರಿಗೆ ಪ್ರಮಾಣವೂ ಸಿಕ್ಕೀತು. ಇದರಲ್ಲಿ ಯಾರ ಮೇಲೆಯೂ ಆರೋಪವಿಲ್ಲ. ಅಳೆಯದೆ ಆರೋಪ ಮಾಡುವುದೂ ತಪ್ಪು, ಅಳೆಯದೆ ಅಲ್ಲಗಳೆಯುವುದೂ ತಪ್ಪು.

ಈಗ ಮೊದಲಿನ ಆಕ್ಷೇಪಕ್ಕೆ ಬರುತ್ತೇನೆ. ರೋಗಿಯ ಹಾಸಿಗೆಯನ್ನು ಕಿತ್ತು ಮೇಜು ಹಾಕಬೇಕೆಂದು ನಾನು ಹೇಳುವುದಿಲ್ಲ. ನೋವಿನಿಂದ ಬಂದವನಿಗೇ ಮೊದಲ ಮರ್ಯಾದೆ. ಆದರೆ ಹಾಸಿಗೆಗಳು ಸಾಲದಾಗುವುದಕ್ಕೆ ತಡೆಯಬಹುದಾದ ರೋಗಗಳನ್ನು ತಡೆಯದಿರುವುದೂ ಒಂದು ಕಾರಣವಲ್ಲವೆ? ಬಾಗಿದ ಎಲುಬನ್ನು ಯಾವ ಗುಳಿಗೆಯೂ ನೆಟ್ಟಗೆ ಮಾಡಲಾರದು. ನೀರನ್ನು ಬದಲಿಸಿದರೆ ಮುಂದಿನ ಕೂಸಿನ ಎಲುಬು ಬಾಗುವುದೇ ಇಲ್ಲ. ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದುದು. ಬಡವರ ಮಕ್ಕಳನ್ನು ಎಣಿಸಿ, ಅಳೆದು, ಪುಸ್ತಕ ಬರೆದು ಹೊರಟುಹೋಗುವ ಸಂಶೋಧನೆ ನಮಗೇಕೆ? ಒಪ್ಪುತ್ತೇನೆ. ಅದಕ್ಕಾಗಿಯೇ ಖೋಲಿಯು ಊರಿನ ದವಾಖಾನೆಯಲ್ಲಿರಬೇಕು. ಕಂಡುದನ್ನು ಮೊದಲು ಆ ಮಗುವಿನ ತಾಯಿಗೆ, ಆಮೇಲೆ ಗ್ರಾಮ ಪಂಚಾಯತಿಗೆ, ಅನಂತರ ಪತ್ರಿಕೆಗೆ ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನಿಯಮಗಳಂತೆ ಪಾಲಕರ ಒಪ್ಪಿಗೆ ಬೇಕು. ಏಳು ವರ್ಷ ತುಂಬಿದ ಮಗುವನ್ನೂ ಕೇಳಬೇಕು. ಮಗುವನ್ನು ಕೇಳುವ ಸೌಜನ್ಯವು ನಿಯಮಕ್ಕಿಂತ ದೊಡ್ಡದು.

ನಕ್ಕಾಗ ಸೆರಗಿನಿಂದಲೋ ಅಂಗೈಯಿಂದಲೋ ಬಾಯಿ ಮುಚ್ಚಿಕೊಳ್ಳುವ ಅಕ್ಕತಂಗಿಯರನ್ನು ನಾವೆಲ್ಲರೂ ಕಂಡಿದ್ದೇವೆ. ಅದನ್ನು ನಾಚಿಕೆಯೆಂದು ಬಗೆದು ಸುಮ್ಮನಾಗಿದ್ದೇವೆ. ಹಲ್ಲುಜ್ಜದವರೆಂದು ಹಾಸ್ಯ ಮಾಡಿದವರೂ ಇದ್ದಾರೆ. ಎಷ್ಟು ಉಜ್ಜಿದರೂ ಹೋಗದ ಆ ಕಲೆಯು ಅವರ ತಪ್ಪಲ್ಲ, ಬೋರಿನ ನೀರಿನದು ಎಂಬಷ್ಟು ತಿಳಿವಳಿಕೆ ಹರಡಿದರೂ ಸಾಕು, ಎಷ್ಟೋ ಮನಸ್ಸುಗಳ ಭಾರ ಇಳಿದೀತು.

ವಿದ್ಯಾರ್ಥಿ ಮಿತ್ರರೇ, ಕಲಾವಿಭಾಗದವರಾದ ನಮಗೆ ಇಲ್ಲೇನು ಕೆಲಸವೆನ್ನಬೇಡಿರಿ. ಭೂಗೋಲ ಓದುವವರು ಊರಿನ ಬಾವಿ, ಬೋರುಗಳ ನಕಾಶೆ ಬರೆಯಬಲ್ಲರು. ಸಮಾಜಶಾಸ್ತ್ರದವರು ದುಡಿಯಲು ಹೋಗಿಬರುವ ಕುಟುಂಬಗಳ ದಾರಿಯನ್ನು ಕೇಳಿ ಬರೆಯಬಲ್ಲರು. ಕನ್ನಡದವರು ನೀರಿನ ವರದಿಯನ್ನು ತಾಯಂದಿರಿಗೆ ತಿಳಿಯುವ ಮಾತಿನಲ್ಲಿ ಹೇಳಬಲ್ಲರು. ಆಲಮಟ್ಟಿಯ ಕೃಷ್ಣೆಯ ನೀರು, ಹಳ್ಳಿಯ ಶುದ್ಧ ನೀರಿನ ಘಟಕ ಇವು ಪರಿಹಾರದ ದಾರಿಗಳು ಹೌದು. ಆದರೆ ಯಾವ ಓಣಿಗೆ ಮೊದಲು ನೀರು ಬರಬೇಕೆಂಬುದನ್ನು ಗದ್ದಲವು ತೀರ್ಮಾನಿಸಬಾರದು, ಮಕ್ಕಳ ಹಲ್ಲುಗಳ ಲೆಕ್ಕವು ತೀರ್ಮಾನಿಸಬೇಕು. ಆ ಲೆಕ್ಕ ಬರೆಯಲು ನಮ್ಮ ತಾಲೂಕು ದವಾಖಾನೆಗಳಲ್ಲಿ ಒಂದೊಂದು ಖೋಲಿ ಸಿಕ್ಕಲಿ.