ಕಾಲು ಊದಿದರೆ ಮೊದಲು ಎರಡೂ ಕಾಲು ನೋಡಿ



ಈ ವರ್ಷ ಮೊದಲ ಸಲ ಮಾಲೆ ಹಾಕಿರುವ ಕನ್ನಿಸ್ವಾಮಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ನಾಸಿಕ್‌ನ ಸಾತಪುರ ಎಂ.ಐ.ಡಿ.ಸಿ.ಯಲ್ಲಿ ಮೆಷಿನ್ ಮುಂದೆ ದಿನಕ್ಕೆ 8 ಗಂಟೆ ನಿಂತು ಕೆಲಸ ಮಾಡುವವನು. ವ್ರತದ 41 ದಿನ ಕಂಪನಿ ಬಿಟ್ಟರೆ ಉಳಿದ ಕಡೆಯೆಲ್ಲ ಬರಿಗಾಲು. ಸಂಜೆ ರೂಮಿಗೆ ಬರುವಾಗ ಎರಡೂ ಪಾದ ಊದಿರುತ್ತವೆ.

ಯಾಕೆ ಊದುತ್ತದೆ? ಕಾಲಿನ ರಕ್ತ ಮೇಲಕ್ಕೆ ಹೋಗಲು ಮೀನಖಂಡ ಪಂಪಿನಂತೆ ಕೆಲಸ ಮಾಡುತ್ತದೆ. ನಡೆದರೆ ಪಂಪು ಓಡುತ್ತದೆ. ನಿಂತಲ್ಲೇ ನಿಂತರೆ, ಬಸ್ಸಿನಲ್ಲಿ ಕೂತಲ್ಲೇ ಕೂತರೆ ಪಂಪು ನಿಂತು, ನೀರಿನಂಶ ಪಾದಕ್ಕೆ ಇಳಿಯುತ್ತದೆ.

ಮನೆಯಲ್ಲಿ ನಾವು ಮಾಡುವುದು ಇಷ್ಟೇ:

1. ಚಾಪೆಯ ಮೇಲೆ ಮಲಗಿ, ಕಾಲಡಿ ದಿಂಬು ಇಟ್ಟು ಪಾದವನ್ನು ಎದೆಗಿಂತ ಎತ್ತರಕ್ಕೆ ತನ್ನಿ. 15ರಿಂದ 20 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ.
2. ಬಕೆಟ್ಟಿನ ತಣ್ಣೀರಿನಲ್ಲಿ 15 ನಿಮಿಷ ಪಾದ ಇಡಿ. ಬಿಸಿನೀರು ಬೇಡ. ಆಮೇಲೆ ಬೆರಳ ಸಂದು ಒರೆಸಿ, ಮುಳ್ಳು, ಗಾಯ ಇದೆಯೇ ನೋಡಿಕೊಳ್ಳಿ.
3. ಪಾದವನ್ನು ಮೇಲೆ ಕೆಳಗೆ ಆಡಿಸಿ, 20 ಸಲ. ಬಸ್ಸಿನಲ್ಲೂ ಮಾಡಿ. ಬಸ್ಸು ನಿಂತಾಗಲೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕಿ.
4. ಉಪ್ಪಿನಕಾಯಿ, ಹಪ್ಪಳ, ಚಿವಡಾ ಕಡಿಮೆ ಮಾಡಿ. ಉಪ್ಪು ದೇಹದಲ್ಲಿ ನೀರು ಹಿಡಿದಿಡುತ್ತದೆ. ಊತಕ್ಕೆ ಹೆದರಿ ನೀರು ಕುಡಿಯುವುದನ್ನು ಮಾತ್ರ ಬಿಡಬೇಡಿ.

ಎರಡೂ ಕಾಲು ಸಮವಾಗಿ ಊದಿ, ಬೆಳಗ್ಗೆ ಇಳಿದಿದ್ದರೆ ಸಾಮಾನ್ಯವಾಗಿ ಅದು ದಣಿವಿನ ಊತ.

ಈಗ ನನ್ನ ತಪ್ಪು ಹೇಳುತ್ತೇನೆ. ಒಂದು ವರ್ಷ ದರ್ಶನ ಮುಗಿಸಿ ಬಸ್ಸಿನಲ್ಲಿ ನಾಸಿಕ್‌ಗೆ ವಾಪಸ್ಸಾದೆವು. ಮರುದಿನ ನಮ್ಮ ಜೊತೆ ಬಂದ ಕನ್ನಿಸ್ವಾಮಿಯೊಬ್ಬರು, "ಅಣ್ಣಾ, ಎಡಗಾಲು ಮಾತ್ರ ಊದಿದೆ, ಮೀನಖಂಡ ನೋಯ್ತಿದೆ" ಅಂದರು. "ಮಲೆ ಹತ್ತಿದ್ದೀರಲ್ಲ ಸ್ವಾಮಿ, ಎಣ್ಣೆ ಹಚ್ಚಿ ತಿಕ್ಕಿ, ಹೋಗುತ್ತೆ" ಅಂದುಬಿಟ್ಟೆ. ಎರಡು ದಿನ ಕಳೆಯಿತು. ಡಾಕ್ಟರ್ ಸ್ಕ್ಯಾನ್ ಮಾಡಿಸಿದಾಗ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ, ಅಂಥ ಕಾಲನ್ನು ತಿಕ್ಕಲೇಬಾರದು ಅಂದರು. ಸ್ವಾಮಿಯ ದಯೆ, ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಂಡು ಗುಣವಾದರು. ಹಿರಿಯನೆಂದು ನನ್ನ ಮಾತು ನಂಬಿದ್ದರು. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ನೆನಪಿಡಿ. ಒಂದೇ ಕಾಲು ಊದಿ, ನೋವು, ಬಿಸಿ, ಕೆಂಪು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ, ಎದೆ ನೋವಾದರೆ ಒಂದು ಕ್ಷಣವೂ ಕಾಯಬೇಡಿ. ಎರಡೂ ಕಾಲಿನ ಊತ ವಾರ ಕಳೆದರೂ ಇಳಿಯದಿದ್ದರೆ, ಬೆರಳಿಂದ ಒತ್ತಿದ ಜಾಗ ಕುಳಿಯಾಗಿ ಉಳಿದರೆ ಹೃದಯ, ಮೂತ್ರಪಿಂಡ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇರುವವರು ಕಾಲಿನ ಸಣ್ಣ ಗಾಯವನ್ನೂ ತೋರಿಸಿ.

ಪಂಪೆಯಿಂದ ಸನ್ನಿಧಾನಕ್ಕೆ ಸುಮಾರು 5 ಕಿಲೋಮೀಟರ್ ಏರು. ನೀಲಿಮಲೆ ಹತ್ತುವಾಗ ನೋವು ನುಂಗಿ ನಡೆಯುವುದು ವ್ರತ ಇರಬಹುದು. ರೋಗ ಮುಚ್ಚಿಟ್ಟುಕೊಂಡು ನಡೆಯುವುದು ವ್ರತವಲ್ಲ. ಔಷಧಿ ತೆಗೆದುಕೊಂಡರೆ ಮಾಲೆಗೆ ಕುಂದಿಲ್ಲ.

ಇಂದು ರಾತ್ರಿ ಮಲಗುವ ಮುಂಚೆ ನಿಮ್ಮ ಎರಡೂ ಕಾಲನ್ನು ಪಕ್ಕಪಕ್ಕ ಇಟ್ಟು ಒಮ್ಮೆ ನೋಡಿಕೊಳ್ಳಿ, ಸ್ವಾಮಿಗಳೇ.

ಸ್ವಾಮಿಯೇ ಶರಣಂ ಅಯ್ಯಪ್ಪ.