‘ಧಾತು’: ವ್ಯಾಕರಣ ಮತ್ತು ವೈದ್ಯಗಳ ಸಮಾನ ಪರಿಭಾಷೆ

ವ್ಯಾಕರಣ ಹಾಗೂ ಆಯುರ್ವೇದ ಎರಡರಲ್ಲೂ ಮೂಲಭೂತ ಪರಿಭಾಷೆಯಾಗಿ ನಿಂತಿರುವ ಪದ ‘ಧಾತು’. ಇದನ್ನು ‘ಕ್ರಿಯಾಪದದ ಬೇರು’ ಎಂದು ವಿವರಿಸುವುದುಂಟು. ಪಾಶ್ಚಾತ್ಯ ಭಾಷಾವಿಜ್ಞಾನದ ಪರಿಭಾಷೆಯ ಅನುವಾದದಂತಿರುವ ಈ ವಿವರಣೆ ಪದದ ನಿಷ್ಪತ್ತಿಗಾಗಲಿ ಶಾಸ್ತ್ರಗಳ ಪ್ರಯೋಗಕ್ಕಾಗಲಿ ಹೊಂದುವುದಿಲ್ಲ.

ಇಡು, ಧರಿಸು, ಪೋಷಿಸು ಎಂಬ ಅರ್ಥಗಳುಳ್ಳ ‘ಧಾ’ದಿಂದ ಈ ಶಬ್ದ ನಿಷ್ಪನ್ನವಾಗಿದೆ. ಯಾಸ್ಕನ ನಿರುಕ್ತವೂ ಇದೇ ವ್ಯುತ್ಪತ್ತಿಯನ್ನು ಹೇಳುತ್ತದೆ. (ಧಾತುವೆಂಬ ಸಂಜ್ಞೆಯನ್ನು ಬಿಡಿಸಲು ಮತ್ತೊಂದು ಧಾತುವನ್ನೇ ಆಶ್ರಯಿಸಬೇಕಾಗಿರುವುದು ಸ್ವಾರಸ್ಯಕರ.) ಋಗ್ವೇದದ ‘ತ್ರಿಧಾತು’ ಮೊದಲಾದ ಪ್ರಯೋಗಗಳಲ್ಲಿ ಎಳೆ, ಪದರ, ಘಟಕ ಎಂಬ ಅರ್ಥವಿದೆ; ಮೂರು ಎಳೆಗಳುಳ್ಳದ್ದು ತ್ರಿಧಾತು. ಆದ್ದರಿಂದ ವೈಯಾಕರಣರು ವೈದ್ಯರಿಂದ ಪಡೆದರೇ, ವೈದ್ಯರು ವೈಯಾಕರಣರಿಂದ ಪಡೆದರೇ ಎಂದು ಕೇಳುವುದಕ್ಕಿಂತ, ಎರಡು ಶಾಸ್ತ್ರಗಳೂ ಹಿಂದಿನ ಈ ಸಾಮಾನ್ಯಾರ್ಥವನ್ನೇ ತಮ್ಮ ತಮ್ಮ ವಿಷಯಕ್ಕೆ ನಿಯತಗೊಳಿಸಿಕೊಂಡವೆಂದು ತಿಳಿಯುವುದು ಯುಕ್ತ.

ಆಯುರ್ವೇದವು ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂದು 7 ಧಾತುಗಳನ್ನು ಹೇಳುತ್ತದೆ. ಆಹಾರದಿಂದ ರಸ, ರಸದಿಂದ ರಕ್ತ, ಹೀಗೆ ಒಂದರ ಪರಿಪಾಕದಿಂದ ಮುಂದಿನದಕ್ಕೆ ಪೋಷಣೆ. ದೇಹವನ್ನು ಧರಿಸುವುದರಿಂದಲೇ ಅವು ಧಾತುಗಳು, ‘ಧಾತುಸಾಮ್ಯ’ವೇ ಆರೋಗ್ಯ. ಶಕ್ತಿಗುಂದು, ಎದೆಗುಂದು ಎಂಬರ್ಥದ ಕನ್ನಡದ ‘ಧಾತುಗೆಡು’ ಎಂಬ ಪದದ ಹಿಂದಿರುವುದು ಈ ಧಾತುವೇ ಹೊರತು ವ್ಯಾಕರಣದ್ದಲ್ಲ.

ಪಾಣಿನೀಯ ಪರಂಪರೆಯ ಧಾತುಪಾಠದಲ್ಲಿ ಸುಮಾರು 2000 ಧಾತುಗಳಿವೆ. 13ನೆಯ ಶತಮಾನದ ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಕನ್ನಡಕ್ಕೊಂದು ಧಾತುಪಾಠವನ್ನು ಕೊಟ್ಟಿದ್ದಾನೆ. ಆದರೆ ಪಾಣಿನಿಯು ಪಟ್ಟಿಯೊಳಗಿನವಕ್ಕಷ್ಟೇ ಧಾತುಸಂಜ್ಞೆಯನ್ನು ಸೀಮಿತಗೊಳಿಸಿಲ್ಲ. ‘ಸನ್’ ಮೊದಲಾದ ಪ್ರತ್ಯಯಗಳು ಸೇರಿ ಆದ ರೂಪಗಳೂ ಅವನಿಗೆ ಧಾತುಗಳೇ. ‘ಬೇರು’ ಎಂಬ ವಿವರಣೆ ಸೋಲುವುದು ಇಲ್ಲಿ. ‘ಕನ್ನಡಿಸು’ ಎಂಬುದನ್ನು ಪರಿಶೀಲಿಸಬಹುದು. ‘ಕನ್ನಡ’ ಎಂಬ ನಾಮಕ್ಕೆ ‘ಇಸು’ ಪ್ರತ್ಯಯ ಸೇರಿ ಆದ ಇದು ಸಾಧಿತಧಾತು. ‘ಕನ್ನಡಿಸಿದನು’ ಎಂಬಲ್ಲಿ ಆಖ್ಯಾತಪ್ರತ್ಯಯಗಳನ್ನು ಧರಿಸಿರುವುದು ಅದೇ. ನಾಮಕ್ಕೆ ಪ್ರತ್ಯಯ ಹತ್ತಿ ಬೇರು ಹುಟ್ಟಿತೆನ್ನುವುದು ಅಸಂಗತ. ಧಾರಕವಾದ ಘಟಕವೆಂದರೆ ಈ ತೊಡಕಿಲ್ಲ. ರಸದಿಂದ ಹುಟ್ಟಿದ ರಕ್ತವೂ ಧಾತುವೇ ಆಗಿರುವಂತೆ, ‘ಮಾಡು’ವಿನಿಂದ ಹುಟ್ಟಿದ ‘ಮಾಡಿಸು’ ಕೂಡ ಧಾತುವೇ.

ಈ ಸಾದೃಶ್ಯವನ್ನು ಬಹುದೂರ ಎಳೆಯಲಾಗದು. ದೇಹದ ಧಾತುಗಳು ಏಳಕ್ಕೆ ನಿಯತವಾದವು, ಅವುಗಳ ಕ್ರಮವೂ ನಿಯತ. ಭಾಷೆಯಲ್ಲಾದರೋ ಹೊಸ ನಾಮಗಳು ಬಂದಂತೆ ‘ಇಸು’ ಹೊಸ ಧಾತುಗಳನ್ನು ಕೊಡುತ್ತಲೇ ಇರುತ್ತದೆ.