ಸುತ್ತಿಗೆ ಬೀಳುವ ಮೊದಲಿನ ಲೆಕ್ಕ

ಬಚ್ಚಲು ಒಡೆಸಿ ಕಟ್ಟಿಸುವವರು ಟೈಲ್ಸ್ ಅಂಗಡಿಯಲ್ಲಿ ಗಂಟೆಗಟ್ಟಲೆ ಚೌಕಾಸಿ ಮಾಡಿ ಫೂಟಿಗೆ ಎರಡು ರೂಪಾಯಿ ಉಳಿಸುತ್ತಾರೆ. ಗೌಂಡಿ ಸಾಮಾನಿಲ್ಲದೆ ಕೈಕಟ್ಟಿ ಕೂತ ಒಂದು ಮಧ್ಯಾಹ್ನ ಆ ಉಳಿತಾಯವನ್ನೆಲ್ಲ ನುಂಗಿಬಿಡುತ್ತದೆ.

ಶಿವಯೋಗ ಮಂದಿರದಂಥ ಊರಿನಲ್ಲಿ ಇದು ಇನ್ನೂ ಖರೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಗೆ ಕಟ್ಟಿದ ಮಂದಿರದಲ್ಲಿ ಒಳ್ಳೆಯ ವಿಭೂತಿ ಸಿಗುತ್ತದೆ. ಬೇಕಾದ ಅಳತೆಯ ಪೈಪಿನ ಎಲ್ಬೋಗೆ ಮಾತ್ರ ಬಾದಾಮಿಯ ದಾರಿ ಹಿಡಿಯಬೇಕು. “ಅಕ್ಕಾರ, ಎಲ್ಬೋ ಕಡಿಮಿ ಬಿದ್ದಾವ್ರಿ, ಯಾರನ್ನರ ಬಾದಾಮಿಗೆ ಓಡಸ್ರಿ” ಎಂದು ಗೌಂಡಿ ಕೂಗಿದರೆ ಎಲ್ಬೋದ ಬೆಲೆ, ಬೈಕಿನ ಪೆಟ್ರೋಲು ಎರಡೂ ಸಣ್ಣವು. ಅವನದು, ಅವನ ಆಳಿನದು ಸೇರಿ ಅರ್ಧ ದಿನದ ಪಗಾರ ದೊಡ್ಡದು. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲ ಸಾಮಾನು ಪಡಸಾಲೆಗೆ ಬಂದು ಬೀಳುವ ತನಕ ಗೋಡೆಗೆ ಸುತ್ತಿಗೆ ಮುಟ್ಟಿಸಲು ನಾನು ಬಿಡಲಿಲ್ಲ. ಕಮೋಡು ಕೂಡ ಮೊದಲೇ ಬರಬೇಕು. ಅದರ ಅಡಿಯ ತೂತು ಗೋಡೆಯಿಂದ ಎಷ್ಟು ಇಂಚು ದೂರವಿದೆ ಎಂಬುದು ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆ. ಪೈಪು ಹೂತ ಮೇಲೆ ಕಮೋಡು ಆರಿಸಲು ಹೊರಟರೆ ಮತ್ತೆ ನೆಲ ಅಗೆಯಬೇಕಾದೀತು.

ಟೈಲ್ಸಿನ ಲೆಕ್ಕ ಅಂಗಡಿಯವನಿಗೆ ಬಿಡಬಾರದು. 5 ಫೂಟು, 7 ಫೂಟಿನ ಬಚ್ಚಲಿಗೆ ಗೋಡೆಗಳ ಸುತ್ತಳತೆ 24 ಫೂಟು. ಏಳು ಫೂಟಿನ ಎತ್ತರಕ್ಕೆ ಹಚ್ಚಿದರೆ 168 ಚದರ ಫೂಟು. ಬಾಗಿಲ ಜಾಗ ಕಳೆದರೆ ಸುಮಾರು 150. ಒಡೆಯುವುದಕ್ಕೆ, ಕತ್ತರಿಸುವುದಕ್ಕೆ ಶೇ 10 ಸೇರಿಸಿ 165 ಸಾಕು. ಎಲ್ಲ ಡಬ್ಬಿಗಳೂ ಒಂದೇ ಬ್ಯಾಚಿನವಾಗಿರಲಿ, ಇಲ್ಲವಾದರೆ ಬಣ್ಣ ಕೂಡುವುದಿಲ್ಲ. ಒಡೆಯದ ಡಬ್ಬಿ ವಾಪಸು ತಗೊಳ್ಳುತ್ತೇವೆ ಎಂಬ ಮಾತನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ನೆಲಕ್ಕೆ ನಾನು ಟೈಲ್ಸ್ ಹಾಕಿಸಲಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟಿನ ಊರುಗಳ ನಡುವೆ ಇದ್ದು ದೂರದ ಟೈಲ್ಸ್ ಯಾಕೆ? ಪಾಲಿಶ್ ಮಾಡಿದ್ದು ಮಾತ್ರ ಬೇಡ, ನೀರು ಬಿದ್ದರೆ ಜಾರುತ್ತದೆ. ಮೈ ತರಿತರಿ ಇರುವ ಕಲ್ಲನ್ನೇ ಕೇಳಬೇಕು.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದ್ದು ಒಳ್ಳೆಯದೇ. ಆದರೆ ಬಚ್ಚಲಿಗೆ ಹಿಡಿಯುವುದು ಕೆಲವೇ ಚೀಲ. ಲಾಭ ಚಹಾ ಪುಡಿಯ ಖರ್ಚಿನಷ್ಟು.

ನಮ್ಮ ಕಡೆಯ ದೊಡ್ಡ ತೊಡಕು ಬೇರೆಯೇ ಇದೆ. ಅತ್ತೆಯವರಿಗೆ ಜಳಕವಾಗದೆ ಲಿಂಗಪೂಜೆ ಇಲ್ಲ, ಪೂಜೆಯಾಗದೆ ಒಂದು ತುತ್ತೂ ಇಲ್ಲ. ಬಚ್ಚಲು ಒಂದು ದಿನ ಮುಚ್ಚಿದರೂ ಮನೆ ನಡೆಯುವುದಿಲ್ಲ. ಅದಕ್ಕೆ ಮೊದಲ ಖರ್ಚು ಹಿತ್ತಿಲಿಗೆ: ನಾಲ್ಕು ಬಿದಿರು, ತಗಡು, ಕಾಲಿಗೊಂದು ಫರ್ಸಿ, ಮೂರು ಕಲ್ಲಿನ ಮೇಲೆ ಹಳೆಯ ತಾಮ್ರದ ಹಂಡೆ. ಅದೇ ಹಂಡೆಯನ್ನು ಗುಜರಿಗೆ ತೂಗಿ ಕೊಡೋಣವೆಂದು ಮನೆಯವರು ಆಗಲೇ ಗೊಣಗುತ್ತಿದ್ದರು. ತಾಮ್ರ ಎಲ್ಲಿಗೂ ಓಡುವುದಿಲ್ಲ. ಸಂಡಾಸಿನ ವ್ಯವಸ್ಥೆಯನ್ನು ಬಾಜೂ ಮನೆಯವರ ಹತ್ತಿರ ಮೊದಲೇ ಮಾತಾಡಿಕೊಂಡಿದ್ದೆವು. ಇಂಥದ್ದು ಎಸ್ಟಿಮೇಟಿನಲ್ಲಿ ಬರುವುದಿಲ್ಲ, ಬರೆದಿಟ್ಟುಕೊಳ್ಳಬೇಕು.

ಕಾಲವನ್ನೂ ನೋಡಬೇಕು. ಬನದ ಹುಣ್ಣಿಮೆಗೆ ಬನಶಂಕರಿ ತೇರು. ಜಾತ್ರೆ, ನಾಟಕ ಎಂದು ಮುಂದೆ ತಿಂಗಳುಗಟ್ಟಲೆ ನಡೆಯುತ್ತದೆ. ಆಗ ಗೌಂಡಿ ಸಿಗುವುದು ಕಷ್ಟ, ಸಿಕ್ಕರೂ ಮನೆ ತುಂಬ ಬೀಗರು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಉಸುಕಿಗೆ ಪರದಾಟ. ಜಾತ್ರೆ ಮುಗಿದು ಮದುವೆಗಳು ಶುರುವಾಗುವ ನಡುವಿನ ದಿನಗಳೇ ನನಗೆ ಸರಿ ಅನಿಸಿದ್ದು.

ಗೀಜರಿನ ಲೆಕ್ಕ ಕೂತು ಮಾಡುವಂಥದ್ದು. ಗೃಹಜ್ಯೋತಿ 200 ಯೂನಿಟ್ ಉಚಿತ ಎನ್ನುತ್ತಾರೆ, ಆದರೆ ಪ್ರತಿ ಮನೆಗೂ ಹಳೆಯ ಸರಾಸರಿ ಬಳಕೆಯ ಮೇಲೆ ಶೇ 10 ಮಾತ್ರ ಸೇರಿಸಿ ಮಿತಿ ಹಾಕಿದ್ದಾರೆ. ತೀರಾ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುತ್ತಾರೆ. ಸರಾಸರಿ 60 ಇದ್ದ ಮನೆಗೆ 66ರ ತನಕ ಮಾಫಿ. 2 ಕಿಲೋವ್ಯಾಟಿನ ಗೀಜರ್ ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್. 90 ಆಯಿತು, 24ಕ್ಕೆ ಬಿಲ್ಲು ಬರುತ್ತದೆ. ಬಳಕೆ 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ನಾನು ಗೀಜರ್ ಕೊಳ್ಳಲಿಲ್ಲ. ಆದರೆ ಅದರ ವೈರು, 16 ಆಂಪಿಯರಿನ ಪಾಯಿಂಟು, ಸೋಲಾರಿಗೆ ಬೇಕಾದ ಬಿಸಿನೀರಿನ ಪೈಪು ಮೂರನ್ನೂ ಗೋಡೆಯೊಳಗೆ ಹಾಕಿಸಿ ಬಾಯಿ ಮುಚ್ಚಿಸಿಟ್ಟೆ. ನಾಳೆ ಟೈಲ್ಸ್ ಒಡೆಯುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ದುಡ್ಡು ಭಿಶಿ ಚೀಟಿಯದು, ನನ್ನ ಪಾಳಿ ಬಂದ ಮೇಲೆಯೇ ಕೆಲಸ ಹಿಡಿದದ್ದು. ಸಾಲ ಮಾಡುವವರಿಗೆ ಒಂದು ಮಾತು: ತಾವೇ ವಾಸವಿರುವ ಮನೆಯ ದುರಸ್ತಿ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ 30,000 ರೂಪಾಯಿ ತನಕ ಕಡಿತವಿದೆ, ಅದೂ ಹಳೆಯ ಪದ್ಧತಿಯಲ್ಲಿ ಮಾತ್ರ.

ಒಡೆಯುವ ಕೆಲಸ ಗುತ್ತಿಗೆಗೆ ಕೊಡಿ, ನೀರು ಸೋರದಂತೆ ಗಿಲಾವು ಮಾಡುವುದನ್ನು ದಿನಗೂಲಿಗೆ. ಗುತ್ತಿಗೆಯಲ್ಲಿ ಅವಸರ ಇರುತ್ತದೆ, ಈ ಕೆಲಸಕ್ಕೆ ಅವಸರ ಆಗದು. ನೆಲದ ಕಲ್ಲು ಕೂಡಿಸುವ ಮೊದಲು ನೀರಿನ ತೂತಿಗೆ ಅರಿವೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲಿನಿಂದ ಗೆರೆ ಎಳೆದು ಒಂದು ದಿನ ಬಿಡಬೇಕು. ಮರುದಿನ ನೀರು ಗೆರೆಯಿಂದ ಇಳಿಯದಿದ್ದರೆ ಗೌಂಡಿಯ ಪಗಾರದಲ್ಲಿ ಹಿಡಿದಿಟ್ಟುಕೊಂಡ ಬಾಕಿಯನ್ನು ಅಲ್ಲೇ ಎಣಿಸಿ ಕೊಟ್ಟುಬಿಡಿ. ಮುಂದೆ ಅಡಿಗೆಮನೆಯ ಮೋರಿ ಸೋರಿದಾಗ ಕರೆಯಬೇಕಾದವನೂ ಅವನೇ.